ಇಪ್ಪತ್ತೇಳು ಮಂದಿ ಬಂದರು, ಇಪ್ಪತ್ತೇಳು ಮಂದಿ ಮರಳಿದರು

ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ ಅದು ಪಿಚರ್‌ಗಳು ಆಳಿದ ಕಾಲ. ಮೆತ್ತಗಾಗಿ ಮಣ್ಣುಬಣ್ಣಕ್ಕೆ ತಿರುಗಿದರೂ ಅದೇ ಚೆಂಡಿನಲ್ಲಿ ಆಟ ಸಾಗುತ್ತಿತ್ತು. ಹೋಮ್ ರನ್ ಅಪರೂಪ. 1908ರ ಅಕ್ಟೋಬರ್ ಮೊದಲ ವಾರದಲ್ಲಿ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಶಿಕಾಗೋ ಎಂಬ ಮೂರು ಊರುಗಳು ಅಮೆರಿಕನ್ ಲೀಗಿನ ಪಟ್ಟಕ್ಕಾಗಿ ಒಂದರ ಬೆನ್ನಿಗೊಂದು ಬಿದ್ದಿದ್ದವು. ಸೋತವರು ಸಾವರಿಸಿಕೊಳ್ಳಲು ದಿನಗಳೇ ಉಳಿದಿರಲಿಲ್ಲ.

ಅಕ್ಟೋಬರ್ 2ರಂದು ಕ್ಲೀವ್‌ಲ್ಯಾಂಡಿನ ಲೀಗ್ ಪಾರ್ಕ್‌ನಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನ ನೆರೆದರು. ಶಿಕಾಗೋ ಪರವಾಗಿ ಚೆಂಡು ಹಿಡಿದವನು ಎಡ್ ವಾಲ್ಶ್. ಋತು ಮುಗಿಯುವಷ್ಟರಲ್ಲಿ 40 ಗೆಲುವು, 464 ಇನ್ನಿಂಗ್ಸ್ ಅವನ ಲೆಕ್ಕಕ್ಕೆ ಸೇರಿದವು. ಇಂದಿನ ಪಿಚರ್ ಎರಡು ವರ್ಷ ದುಡಿದರೂ ಅಷ್ಟು ಎಸೆಯುವುದು ಕಷ್ಟ. ಚೆಂಡಿಗೆ ಎಂಜಲು ಸವರಿ ಎಸೆಯುವ ಸ್ಪಿಟ್‌ಬಾಲ್ ಅವನ ಅಸ್ತ್ರ. ಆಗ ಅದಕ್ಕಿನ್ನೂ ನಿಷೇಧ ಬಂದಿರಲಿಲ್ಲ. ಎದುರಾಳಿ ಆಡಿ ಜಾಸ್, ನೀಳಕಾಯದವನು. ಬ್ಯಾಟರ್‌ಗೆ ಬೆನ್ನು ಕಾಣಿಸುವಷ್ಟು ಮೈ ತಿರುಚಿ, ಚೆಂಡನ್ನು ಮರೆಯಲ್ಲಿಟ್ಟು, ಆಮೇಲೆ ತೋಳು ಬೀಸುತ್ತಿದ್ದ. ಆಟವಿಲ್ಲದ ತಿಂಗಳುಗಳಲ್ಲಿ ಪತ್ರಿಕೆಗಳಿಗೆ ಕ್ರೀಡಾ ಬರಹ ಬರೆಯುತ್ತಿದ್ದನಂತೆ. ಈ ಕಾರಣಕ್ಕೇ ನನ್ನ ಒಲವು ಅವನ ಕಡೆಗೆ ಸ್ವಲ್ಪ ವಾಲುತ್ತದೆ.

ಮೂರನೆಯ ಇನ್ನಿಂಗ್ಸ್‌ನಲ್ಲಿ ಕ್ಲೀವ್‌ಲ್ಯಾಂಡಿನ ಜೋ ಬರ್ಮಿಂಗ್‌ಹ್ಯಾಮ್ ಮೊದಲ ಬೇಸ್ ತಲುಪಿದ. ಅಲ್ಲಿಂದ ಮುಂದೆ ಸರಿದವನನ್ನು ವಾಲ್ಶ್ ಸಿಕ್ಕಿಹಾಕಿಸಿಯೂ ಬಿಟ್ಟ. ಓಡದೆ ಬೇರೆ ದಾರಿಯಿಲ್ಲವೆಂದು ಅವನು ಎರಡನೆಯ ಬೇಸಿನತ್ತ ನುಗ್ಗಿದ. ಶಿಕಾಗೋದವರು ಎಸೆದ ಚೆಂಡು ಅವನಿಗೇ ತಗುಲಿ ದೂರ ಸಿಡಿಯಿತು. ಮೂರನೆಯ ಬೇಸ್ ಪುಕ್ಕಟೆಯಾಗಿ ದಕ್ಕಿತು. ಬಳಿಕ ವಾಲ್ಶನ ಒಂದು ಎಸೆತ ಕ್ಯಾಚರ್‌ನ ಕೈತಪ್ಪಿ ಹಿಂದಕ್ಕೆ ಹೋಯಿತು, ಬರ್ಮಿಂಗ್‌ಹ್ಯಾಮ್ ಹೋಮ್ ಬೇಸ್ ಮುಟ್ಟಿದ. ಇಡೀ ಪಂದ್ಯಕ್ಕೆ ಅದೊಂದೇ ರನ್. ಎಂಟು ಇನ್ನಿಂಗ್ಸ್‌ಗಳಲ್ಲಿ 15 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ, ನಾಲ್ಕೇ ಹಿಟ್ ಕೊಟ್ಟ ವಾಲ್ಶ್ ಸೋಲಬೇಕಾಯಿತು.

ಜಾಸ್ ಸ್ಟ್ರೈಕ್‌ಔಟ್ ಮಾಡಿದ್ದು ಮೂವರನ್ನಷ್ಟೆ. ಆದರೆ ಅವನೆದುರು ಒಬ್ಬನೂ ಬೇಸ್ ಮೆಟ್ಟಲಿಲ್ಲ. ಹೊಡೆದವರೆಲ್ಲ ನೇರ ಫೀಲ್ಡರ್‌ಗಳ ಕೈಗೇ ಹೊಡೆದರು. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ 26 ಮಂದಿ ಔಟಾದ ಮೇಲೆ, ವಾಲ್ಶನ ಬದಲಿಗೆ ಬ್ಯಾಟ್ ಹಿಡಿದು ಜಾನ್ ಆಂಡರ್ಸನ್ ಬಂದ. ಅವನು ನೆಲಕ್ಕೆ ಬಾರಿಸಿದ ಚೆಂಡನ್ನು ಕ್ಲೀವ್‌ಲ್ಯಾಂಡಿನ ಬಿಲ್ ಬ್ರಾಡ್ಲಿ ಹಿಡಿದು ಮೊದಲ ಬೇಸಿಗೆ ಎಸೆದ. ಎಸೆತ ತೀರ ತಗ್ಗಾಯಿತು. ಅಲ್ಲಿದ್ದ ಜಾರ್ಜ್ ಸ್ಟೋವಲ್ ಬಗ್ಗಿ ಅದನ್ನು ನೆಲದಿಂದ ಬಾಚಿಕೊಂಡ. ಔಟ್! 74 ಎಸೆತಗಳಲ್ಲಿ ಪರ್ಫೆಕ್ಟ್ ಗೇಮ್, ಎದುರಾಳಿಯ ಒಬ್ಬನಿಗೂ ಬೇಸ್ ಬಿಟ್ಟುಕೊಡದ ಪಂದ್ಯ. ಅಮೆರಿಕನ್ ಲೀಗ್ ಕಂಡದ್ದರಲ್ಲಿ ಎರಡನೆಯದು.

ಇಷ್ಟಾಗಿಯೂ ಪಟ್ಟ ಕ್ಲೀವ್‌ಲ್ಯಾಂಡಿಗೆ ದಕ್ಕಲಿಲ್ಲ. ಮರುದಿನವೇ ಶಿಕಾಗೋ ಸೇಡು ತೀರಿಸಿಕೊಂಡಿತು. ಕೊನೆಗೆ ಡೆಟ್ರಾಯಿಟ್‌ಗೂ ಕ್ಲೀವ್‌ಲ್ಯಾಂಡಿಗೂ ತಲಾ 90 ಗೆಲುವು. ಸೋಲು ಮಾತ್ರ ಅವರಿಗೆ 63, ಇವರಿಗೆ 64. ಮಳೆಗೆ ನಿಂತುಹೋದ ಪಂದ್ಯವೊಂದನ್ನು ಡೆಟ್ರಾಯಿಟ್ ಮತ್ತೆ ಆಡಲೇ ಇಲ್ಲ, ಆಡಿಸುವ ನಿಯಮವೂ ಆಗ ಇರಲಿಲ್ಲ. ಅನ್ಯಾಯವೆಂದರೆ ಇದು.

1911ರ ಏಪ್ರಿಲ್‌ನಲ್ಲಿ, 31ನೆಯ ವಯಸ್ಸಿಗೆ, ಜಾಸ್ ಮೆನಿಂಜೈಟಿಸ್‌ನಿಂದ ತೀರಿಕೊಂಡ. ಅದೇ ವರ್ಷ ಜುಲೈನಲ್ಲಿ ಅವನ ಸಂಸಾರದ ನೆರವಿಗಾಗಿ ಲೀಗಿನ ಘಟಾನುಘಟಿಗಳು ಲೀಗ್ ಪಾರ್ಕ್‌ನಲ್ಲಿ ಪಂದ್ಯವಾಡಿದರು. ಆಡಿದ್ದು ಒಂಬತ್ತೇ ಋತು; ಹಾಲ್ ಆಫ್ ಫೇಮ್ ಕೇಳುವುದು ಹತ್ತು. 1978ರಲ್ಲಿ ಆ ನಿಯಮ ಸಡಿಲಿಸಿ ಅವನನ್ನು ಒಳಗೆ ಕರೆದುಕೊಂಡರು. ವಾಲ್ಶ್ 1946ರಲ್ಲೇ ಅಲ್ಲಿ ಸೇರಿದ್ದ. ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ನುಗಳ ವೃತ್ತಿ ಸರಾಸರಿಯ ಪಟ್ಟಿಯಲ್ಲಿ ಇಂದಿಗೂ ಮೊದಲಿಗ ವಾಲ್ಶ್, 1.82; ಎರಡನೆಯವನು ಜಾಸ್, 1.89.