ಮಾನ್ವಿಯ ಷಟ್ಪದಿ, ಹ್ಯಾಸ್ಕೆಲ್‌ನ ಮೊದಲ ಪಾಠ

ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಕಂಪ್ಯೂಟರ್ ಭಾಷೆ ಕಲಿಯಹೊರಟವರು ಆರಂಭದಲ್ಲೇ ಎಡವುವುದುಂಟು. ಅಲ್ಲಿ 'ಮೊದಲು ಇದು, ಆಮೇಲೆ ಅದು' ಎಂಬ ಆಜ್ಞೆಗಳ ಸಾಲಿಲ್ಲ. ದೊಡ್ಡ ಪ್ರಶ್ನೆಯ ಉತ್ತರವನ್ನು ಅದೇ ಜಾತಿಯ ಚಿಕ್ಕ ಪ್ರಶ್ನೆಗಳ ಉತ್ತರದಿಂದ ಕಟ್ಟಬೇಕು. ಭಾಷೆ ರೂಪುಗೊಂಡದ್ದು 1990ರಲ್ಲಿ. ಈ ಪಾಠ ಮಾತ್ರ ಬಹಳ ಹಳೆಯದು. 2019ರಲ್ಲಿ ಐಐಐಟಿ ಪಡೆದ ರಾಯಚೂರಿನ ವಿದ್ಯಾರ್ಥಿಗಳು ಅದನ್ನು ಪಕ್ಕದ ಮಾನ್ವಿಯ ಕಾವ್ಯದಲ್ಲೇ ಕಾಣಬಹುದು.

ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಂಡಿತರು. ಕನ್ನಡದ ದಾಸರ ಪದಗಳೆಂದರೆ ಅವರಿಗೆ ತಾತ್ಸಾರವಿತ್ತೆಂದು ಸಂಪ್ರದಾಯ ಹೇಳುತ್ತದೆ. ಹೊಟ್ಟೆನೋವಿನಿಂದ ನರಳಿದಾಗ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಕೊಟ್ಟರಂತೆ. ಕಥೆ ಹೇಗೇ ಇರಲಿ, ಪಂಡಿತರು ಜಗನ್ನಾಥದಾಸರಾದರು; ದ್ವೈತ ತತ್ತ್ವವನ್ನು 32 ಸಂಧಿಗಳ 'ಹರಿಕಥಾಮೃತಸಾರ'ದಲ್ಲಿ ಕನ್ನಡಕ್ಕೆ ತಂದರು. ಅದಕ್ಕೆ ಆರಿಸಿಕೊಂಡದ್ದು ಭಾಮಿನಿ ಷಟ್ಪದಿ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿಯ ಚಿಕ್ಕ ಸಾಲಿನಲ್ಲಿ 3, 4, 3, 4 ಮಾತ್ರೆಯ ಗಣಗಳು, ಒಟ್ಟು 14. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ 23. ಹಾಗಾದರೆ ನಾಲ್ಕು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಕೊನೆಯಲ್ಲಿ ಲಘುವಿದ್ದರೆ ಹಿಂದೆ ಮೂರು ಮಾತ್ರೆ, ಗುರುವಿದ್ದರೆ ಎರಡು. ಮೂರರ 3 ಬಗೆ, ಎರಡರ 2 ಬಗೆ ಕೂಡಿಸಿದರೆ 5. ಐದು ಮಾತ್ರೆಗೆ 5 ಮತ್ತು 3, ಅಂದರೆ 8. ಭಾರತದ ಛಂದಶ್ಶಾಸ್ತ್ರಜ್ಞ ವಿರಹಾಂಕನೂ 12ನೆಯ ಶತಮಾನದ ಹೇಮಚಂದ್ರನೂ ಇದನ್ನು ಬಲ್ಲವರು. ಇಟಲಿಯ ಫಿಬೊನಾಚಿ ಇದೇ ಸಂಖ್ಯೆಗಳನ್ನು ಮೊಲಗಳ ಲೆಕ್ಕದಲ್ಲಿ ಬರೆದದ್ದು 1202ರಲ್ಲಿ.

ಕಂಪ್ಯೂಟರನ್ನು ನಮ್ಮ ಹಿರಿಯರೇ ಕಂಡುಹಿಡಿದರೆಂದು ಬೀಗಲು ಇದು ಆಧಾರವಲ್ಲ. ದಾಸರು ಬರೆದದ್ದು ಭಕ್ತಿಕಾವ್ಯ, ಗಣಿತವಲ್ಲ. ಆದರೆ ಷಟ್ಪದಿಯ ಕಟ್ಟುಪಾಡು ಲೆಕ್ಕಕ್ಕೆ ಚೆನ್ನಾಗಿ ಒಗ್ಗುತ್ತದೆ. ಲಘು-ಗುರುವಿನಿಂದ ಗಣ ಆರಂಭವಾಗಬಾರದು ಎಂಬ ನಿಯಮ ಹಾಕಿದೊಡನೆ ಮೂರರ ಗಣಕ್ಕೆ 2, ನಾಲ್ಕರ ಗಣಕ್ಕೆ 4 ಬಗೆ ಮಾತ್ರ ಉಳಿಯುತ್ತವೆ. ಚಿಕ್ಕ ಸಾಲಿಗೆ ಒಟ್ಟು 64 ವಿನ್ಯಾಸ. ನಿಯಮ ಹಾಕದಿದ್ದರೆ ಅದು 225.

ಹ್ಯಾಸ್ಕೆಲ್‌ನಲ್ಲಿ ಮೂಲ ಲೆಕ್ಕಕ್ಕೆ ಮೂರು ಸಾಲು ಸಾಕು: ಒಂದು ಮಾತ್ರೆಗೆ 1, ಎರಡಕ್ಕೆ 2, ಉಳಿದದ್ದಕ್ಕೆಲ್ಲ ಹಿಂದಿನೆರಡರ ಮೊತ್ತ. ಮೊದಲೆರಡು ಸಾಲು ಮರೆತರೆ ಯಂತ್ರ ಕೆಳಗಿಳಿಯುತ್ತಲೇ ಇರುತ್ತದೆ.