ದೊಡ್ಡದು ಮಾಡುವುದು ಬೇರೆ, ಜಗ್ಗುವುದು ಬೇರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಗಣಕದಲ್ಲಿ ಕಟ್ಟಡದ ನಕ್ಷೆ, ಯಂತ್ರದ ನಕ್ಷೆ ಬರೆಯುವ ಉದ್ಯೋಗದಲ್ಲಿದ್ದೀರಿ. ‘ಸ್ಕೇಲ್’ ಮತ್ತು ‘ಸ್ಟ್ರೆಚ್’ ಎಂಬ ಎರಡು ಆಜ್ಞೆಗಳನ್ನು ನೀವು ದಿನವೂ ಬಳಸುವವರು. ಮೇಲ್ನೋಟಕ್ಕೆ ಎರಡೂ ಒಂದೇ ಎನಿಸುವ ಈ ಕ್ರಿಯೆಗಳ ಹಿಂದೆ ನಾಲ್ಕು ಶತಮಾನಗಳ ಇತಿಹಾಸವಿದೆ.

ಈ ಉದ್ಯೋಗದಲ್ಲಿ ಇಲ್ಲದವರಿಗಾಗಿ ಒಂದು ಉದಾಹರಣೆ. ನಕ್ಷೆಯಲ್ಲಿ 900 ಮಿ.ಮೀ. ಅಗಲ, 2100 ಮಿ.ಮೀ. ಎತ್ತರದ ಬಾಗಿಲೊಂದಿದೆ, ಬಾಗಿಲವಾಡದ ಮರ 75 ಮಿ.ಮೀ. ದಪ್ಪ. ಮನೆಯ ಯಜಮಾನರು ಅಗಲ 1200 ಇರಲಿ ಎನ್ನುತ್ತಾರೆ. ಸ್ಕೇಲ್ ಮಾಡಿದರೆ ಎಲ್ಲ ಅಳತೆಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿ, ಎತ್ತರ 2800ಕ್ಕೂ ಮರದ ದಪ್ಪ 100ಕ್ಕೂ ಏರುತ್ತವೆ. ಯಜಮಾನರು ಕೇಳಿದ್ದು ಅಗಲವಾದ ಬಾಗಿಲನ್ನು, ಅರಮನೆಯ ಹೆಬ್ಬಾಗಿಲನ್ನಲ್ಲ! ಸ್ಟ್ರೆಚ್ ಮಾಡಿದರೆ ಒಂದು ಪಕ್ಕದ ಮರ 300 ಮಿ.ಮೀ. ಆಚೆಗೆ ಸರಿಯುತ್ತದೆ, ಅಡ್ಡಗೆರೆಗಳು ಉದ್ದವಾಗುತ್ತವೆ, ಉಳಿದುದೆಲ್ಲ ಇದ್ದಂತೆಯೇ ಇರುತ್ತದೆ.

ಮೊದಲನೆಯ ವಿದ್ಯೆ ಬಹಳ ಹಳೆಯದು. ಶಾಲೆಯಲ್ಲಿ ಚಿಕ್ಕ ಭೂಪಟದ ಮೇಲೆ ಪೆನ್ಸಿಲಿನಿಂದ ಚೌಕಗಳನ್ನು ಎಳೆದು, ದೊಡ್ಡ ಹಾಳೆಯ ಮೇಲೆ ದೊಡ್ಡ ಚೌಕಗಳನ್ನು ಎಳೆದು, ಒಂದೊಂದೇ ಮನೆಯನ್ನು ನೋಡಿ ಬರೆದುದು ನಿಮಗೆ ನೆನಪಿರಬಹುದು. ಇದನ್ನೇ ಯಂತ್ರದಿಂದ ಸಾಧಿಸಿದವರು ಜೆಸ್ಯುಯಿಟ್ ಸಂಸ್ಥೆಗೆ ಸೇರಿದ ಜರ್ಮನಿಯ ಕ್ರಿಸ್ಟೋಫ್ ಶೈನರ್. ಅವರು 1603ರಲ್ಲಿ ರಚಿಸಿದ ‘ಪ್ಯಾಂಟೋಗ್ರಾಫ್’ ನಾಲ್ಕು ಪಟ್ಟಿಗಳನ್ನು ಸಮಾಂತರ ಚತುರ್ಭುಜವಾಗಿ ಜೋಡಿಸಿದ ಸಾಧನ. ಅಲುಗದ ಮೊಳೆ, ಮೂಲಚಿತ್ರದ ಮೇಲೆ ಸಾಗುವ ಮೊನೆ, ಪ್ರತಿಯನ್ನು ಬರೆಯುವ ಪೆನ್ಸಿಲು, ಇವು ಮೂರೂ ಸದಾ ಒಂದೇ ಸರಳರೇಖೆಯಲ್ಲಿರುತ್ತವೆ. ಮೊಳೆಯಿಂದ ಅವುಗಳಿಗಿರುವ ದೂರಗಳ ಅನುಪಾತ ಬದಲಾಗುವುದಿಲ್ಲ. ಸಮರೂಪ ತ್ರಿಭುಜಗಳ ಪ್ರಮೇಯ ಯಾತಕ್ಕೆ ಉಪಯೋಗ ಎಂದು ತರಗತಿಯಲ್ಲಿ ಕೇಳುತ್ತಿದ್ದವರು ಇದನ್ನು ಗಮನಿಸಬೇಕು. ಶೈನರ್ ಈ ಸಾಧನದ ವಿವರಣೆಯ ಗ್ರಂಥವನ್ನು 1631ರಲ್ಲಿ ಪ್ರಕಟಿಸಿದರು.

ಆಕಾರ ಕೆಡದಂತೆ ಹಿಗ್ಗಿಸಿದರೆ ವಸ್ತುವಿನ ಗುಣವೂ ಕೆಡದೆ ಉಳಿಯುವುದೇ? ಇದಕ್ಕೆ ಇಲ್ಲವೆಂದು ಉತ್ತರಿಸಿದವರು ಗೆಲಿಲಿಯೊ. ಸೂರ್ಯನ ಕಲೆಗಳ ವಿಷಯದಲ್ಲಿ ಇದೇ ಶೈನರ್ ಅವರೊಡನೆ ಗೆಲಿಲಿಯೊಗೆ ಕಟುವಾದ ವಾಗ್ವಾದ ನಡೆದಿತ್ತು. ಹಿಗ್ಗಿಸುವ ವಿಷಯದಲ್ಲಿಯೂ ಇವರಿಬ್ಬರ ಹೆಸರುಗಳು ಎದುರುಬದುರಾಗಿ ನಿಲ್ಲುವುದು ಇತಿಹಾಸದ ಒಂದು ತಮಾಷೆ. 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ಗೆಲಿಲಿಯೊ ಎರಡು ಮೂಳೆಗಳ ಚಿತ್ರವನ್ನು ಕೊಟ್ಟಿದ್ದಾರೆ. ಒಂದು ಸಾಧಾರಣವಾದುದು, ಇನ್ನೊಂದು ಅದರ ಮೂರು ಪಟ್ಟು ಉದ್ದವಿದ್ದು ಅದೇ ಕೆಲಸವನ್ನು ನಿರ್ವಹಿಸಬೇಕಾದ, ನೋಡಲು ವಿಕಾರವಾಗುವಷ್ಟು ದಪ್ಪನೆಯದು. ಎಲ್ಲ ಅಳತೆಗಳನ್ನೂ ಇಮ್ಮಡಿ ಮಾಡಿದರೆ ಭಾರ ಎಂಟು ಪಟ್ಟಾಗುತ್ತದೆ; ಆ ಭಾರವನ್ನು ಹೊರುವ ಅಡ್ಡಕೊಯ್ತದ ವಿಸ್ತೀರ್ಣವಾದರೋ ನಾಲ್ಕೇ ಪಟ್ಟು. ಪ್ಯಾಂಟೋಗ್ರಾಫ್ ಕಾಗದವನ್ನು ಬಲ್ಲದು, ಭಾರವನ್ನು ಅರಿಯದು.

ಎರಡನೆಯ ವಿದ್ಯೆಗೆ, ಅಂದರೆ ಜಗ್ಗುವುದಕ್ಕೆ, ಬಹುಕಾಲ ಯಂತ್ರವೇ ಇರಲಿಲ್ಲ. ಯಾವುದು ಬದಲಾಗಬೇಕು, ಯಾವುದು ಬದಲಾಗಬಾರದು ಎಂಬ ತಿಳಿವಳಿಕೆ ನಕ್ಷೆಗಾರನ ತಲೆಯಲ್ಲಿತ್ತು. ಆತ ಟ್ರೇಸಿಂಗ್ ಕಾಗದದ ಮೇಲಿನ ಮಸಿಯನ್ನು ಬ್ಲೇಡಿನಿಂದ ನಾಜೂಕಾಗಿ ಕೆರೆದು, ಆ ಭಾಗವನ್ನು ಮತ್ತೆ ಬರೆಯುತ್ತಿದ್ದ. ಕಾಗದ ಹರಿದರೆ ಇಡೀ ಹಾಳೆ ಹೊಸದು.

ಆ ತಿಳಿವಳಿಕೆಯಲ್ಲಿ ಒಂದಂಶವನ್ನು ಗಣಕಕ್ಕೆ ಕಲಿಸಿದವರು ಅಮೆರಿಕದ ಐವನ್ ಸದರ್‌ಲ್ಯಾಂಡ್. ಎಂಐಟಿಯ ವಿದ್ಯಾರ್ಥಿಯಾಗಿದ್ದ ಅವರು 1963ರ ಜನವರಿಯಲ್ಲಿ, 24ರ ವಯಸ್ಸಿನಲ್ಲಿ, ‘ಸ್ಕೆಚ್‌ಪ್ಯಾಡ್’ ಎಂಬ ಪ್ರಬಂಧವನ್ನು ಒಪ್ಪಿಸಿದರು. ಕೆಲಸ ನಡೆದುದು ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಗಣಕದಲ್ಲಿ. ಪರದೆ 7 ಅಂಗುಲದ ಚೌಕ, ಕೈಯಲ್ಲಿ ‘ಲೈಟ್ ಪೆನ್’. ಮುಖ್ಯವಾದುದು ಪೆನ್ನಲ್ಲ, ನೆನಪಿನಲ್ಲಿ ಚಿತ್ರವನ್ನು ಇಟ್ಟ ಬಗೆ. ಎರಡು ಗೆರೆಗಳು ಒಂದು ಮೂಲೆಯಲ್ಲಿ ಕೂಡಿದರೆ, ಆ ಮೂಲೆ ಎರಡಕ್ಕೂ ಸೇರಿದ ಒಂದೇ ಬಿಂದುವೆಂದು ಗಣಕ ಬಲ್ಲದು. ಬಿಂದುವನ್ನು ಸರಿಸಿದರೆ ಎರಡು ಗೆರೆಗಳೂ ರಬ್ಬರಿನಂತೆ ಹಿಂದೆಯೇ ಬರುತ್ತವೆ. ಈ ಬದಿಗಳು ಸಮವಾಗಿರಲಿ, ಈ ಗೆರೆಗಳು ಸಮಾಂತರವಾಗಿರಲಿ ಎಂಬ ಷರತ್ತುಗಳನ್ನೂ ವಿಧಿಸಬಹುದಿತ್ತು. ವೃತ್ತದೊಳಗೆ ಸೊಟ್ಟಗೆ ಬರೆದ ಆರು ಬದಿಗಳ ಆಕೃತಿಗೆ ಬದಿಗಳು ಸಮವಿರಲಿ ಎಂದು ಆಜ್ಞಾಪಿಸಿದರೆ ಅದು ತಾನಾಗಿಯೇ ನಿಯತ ಷಟ್ಕೋನವಾಗಿ ನಿಲ್ಲುತ್ತಿತ್ತು. ಸೇತುವೆಯ ಚೌಕಟ್ಟನ್ನು ಬರೆದು, ಭಾರ ಬಿದ್ದಾಗ ಅದರ ಒಂದೊಂದು ಪಟ್ಟಿಯಲ್ಲಿ ಬಲವೆಷ್ಟೆಂಬುದನ್ನೂ ಅವರು ಪರದೆಯ ಮೇಲೆ ತೋರಿಸಿದರು. ಗೆಲಿಲಿಯೊ ಎತ್ತಿದ ಪ್ರಶ್ನೆ ಆಗಲೇ ಅವರ ಪರದೆಗೆ ಬಂದಿತ್ತೆಂದು ನನಗನ್ನಿಸುತ್ತದೆ.

1982ರಲ್ಲಿ ಆಟೋಕ್ಯಾಡ್ ಮೇಜಿನ ಮೇಲಿನ ಗಣಕಗಳಿಗೆ ಬಂದಿತು. ನಕ್ಷೆ ಬರೆಯುವ ಕೆಲಸ ಸಣ್ಣ ಕಚೇರಿಗಳಿಗೂ ಕೈಗೆಟಕಿತು. ಅದರ ಸ್ಟ್ರೆಚ್ ಆಜ್ಞೆ ಸದರ್‌ಲ್ಯಾಂಡರ ಕನಸಿಗಿಂತ ಸರಳ. ಬಲದಿಂದ ಎಡಕ್ಕೆ ಒಂದು ಆಯತವನ್ನು ಎಳೆದರೆ, ಅದರೊಳಗೆ ಬಿದ್ದ ತುದಿಗಳು ಸರಿಯುತ್ತವೆ, ಹೊರಗಿನವು ಕದಲುವುದಿಲ್ಲ. ವೃತ್ತ ಮಾತ್ರ ಜಗ್ಗುವುದಿಲ್ಲ: ಕೇಂದ್ರ ಒಳಗಿದ್ದರೆ ಇಡಿಯಾಗಿ ಸರಿಯುತ್ತದೆ, ಇಲ್ಲವಾದರೆ ಇದ್ದಲ್ಲಿಯೇ ಇರುತ್ತದೆ. ಷರತ್ತುಗಳ ಕಲ್ಪನೆ ಉದ್ಯಮದಲ್ಲಿ ಬೇರೂರಿದುದು 1980ರ ದಶಕದ ಕೊನೆಯಲ್ಲಿ, ಪ್ರೋ-ಇಂಜಿನಿಯರ್ ತಂತ್ರಾಂಶದಿಂದ.

ಈಗ ನಮ್ಮ ಬಾಗಿಲನ್ನು ಮತ್ತೊಮ್ಮೆ ನೋಡೋಣ. ಅಗಲ 900ರಿಂದ 1200 ಆದಾಗ ಮೇಲಿನ ಲಿಂಟಲ್ ಗೆರೆಯೂ ಜಗ್ಗಿ ಉದ್ದವಾಯಿತು, ಅದರ ದಪ್ಪ ಹಾಗೆಯೇ ಉಳಿಯಿತು. ಅದರ ಮೇಲೆ ಉದ್ದಕ್ಕೂ ಒಂದೇ ಸಮನಾದ ಭಾರವಿದೆಯೆಂದುಕೊಂಡರೆ, ಅದನ್ನು ಬಾಗಿಸುವ ಪ್ರಭಾವ ಉದ್ದದ ವರ್ಗಕ್ಕೆ ಅನುಸಾರವಾಗಿ, ಸುಮಾರು 1.78 ಪಟ್ಟಾಗುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಒಂದೇ ಒಂದು ಉಪಕಾರವನ್ನು ಆಟೋಕ್ಯಾಡ್ ಮಾಡುತ್ತದೆ: ಗೆರೆಗೆ ಹೊಂದಿಸಿದ ಅಳತೆಯ ಅಂಕಿ ತಾನೇ 1200 ಆಗುತ್ತದೆ. ಆದರೆ ಅವಸರದಲ್ಲಿ ಯಾರಾದರೂ ಆ ಅಂಕಿಯನ್ನು ಅಳಿಸಿ ಕೈಯಾರೆ 900 ಎಂದು ಟೈಪು ಮಾಡಿಟ್ಟಿದ್ದರೆ, ಗೆರೆಯನ್ನು ಎಷ್ಟು ಜಗ್ಗಿದರೂ ಅಲ್ಲಿ 900 ಎಂದೇ ಇರುತ್ತದೆ; ಬಡಗಿಯ ಕೈಗೆ ಹೋಗುವುದೂ ಅದೇ ಅಂಕಿ.