ಚಾಕು ಮಸೆಯುವ ಸಾಧನದಲ್ಲಿ ‘20 ಡಿಗ್ರಿ’ ಅಂದರೆ ನಿಜಕ್ಕೂ 20 ಡಿಗ್ರಿಯೇ?

ಆಲಮಟ್ಟಿಯ ಒಂದು ಮನೆಯಲ್ಲಿ ಕಳೆದ ದೀಪಾವಳಿಯ ಹೊತ್ತಿಗೆ ಕುಂಬಳಕಾಯಿ ಹೆಚ್ಚುವಾಗ ಚಾಕು ಜಾರಿ ಎಡಗೈ ಹೆಬ್ಬೆರಳಿಗೆ ಹತ್ತಿತು. ಮೂರು ಹೊಲಿಗೆ ಬಿದ್ದವು. ಗಾಯವಾದದ್ದು ನಮ್ಮ ಬಳಗದವರೊಬ್ಬರ ಅವ್ವನಿಗೆ. ಆ ಚಾಕು ಹರಿತವಾಗಿರಲಿಲ್ಲ, ಬೇಕೆಂದೇ ಹಾಗೆ ಬಿಟ್ಟಿದ್ದರು. “ಮೊಂಡ ಇದ್ರ ಚಲೋ, ಕೈಗೆ ಹತ್ತಂಗಿಲ್ಲ” ಎನ್ನುವುದು ಅವರ ಲೆಕ್ಕ.

ಮಗ ಆನ್‌ಲೈನಿನಲ್ಲಿ ಚಾಕು ಮಸೆಯುವ ಸಾಧನವೊಂದನ್ನು ತರಿಸಿದರು. ಕ್ಲಾಂಪಿನಲ್ಲಿ ಚಾಕು ಸಿಕ್ಕಿಸಿ, ಸರಳಿಗೆ ಕಟ್ಟಿದ ಕಲ್ಲನ್ನು ಹಿಂದೆ ಮುಂದೆ ಆಡಿಸುವ ಬಗೆಯದು. ಅಳತೆಪಟ್ಟಿಯನ್ನು 20 ಡಿಗ್ರಿಗೆ ಇಟ್ಟು ದಿನಾ ಸಂಜೆ ತಿಕ್ಕಿದರೂ ಟೊಮೆಟೊ ಸಿಪ್ಪೆ ಕೂಡ ಕೊಯ್ಯಲಿಲ್ಲ. “ರೊಕ್ಕ ಹಾಳಾತು ನೋಡ ತಮ್ಮಾ” ಎಂದರು ಅವ್ವ. ತಪ್ಪು ಸಾಧನದ್ದೋ, ಚಾಕುವಿನದ್ದೋ, ಬಳಸಿದ ರೀತಿಯದ್ದೋ? ನಾವು ಅಳೆಯುವ ಪಟ್ಟಿ, ಮೊಬೈಲು, ಒಂದು ಮಾರ್ಕರ್ ಪೆನ್ನು ಹಿಡಿದು ಕೂತು ನೋಡಿದೆವು.

ಮೊಂಡು ಚಾಕು ಸುರಕ್ಷಿತವೇ?

ಅಲ್ಲ. ನಾವು ಹಾಕುವ ಬಲ ಎಷ್ಟು ಕಿರಿದಾದ ಜಾಗದ ಮೇಲೆ ಬೀಳುತ್ತದೆ ಎನ್ನುವುದರ ಮೇಲೆ ಕಾಯಿ ಸೀಳುವುದು ನಿಂತಿದೆ. ಚೆನ್ನಾಗಿ ಮಸೆದ ಚಾಕುವಿನ ಅಂಚಿನ ತುದಿ ಒಂದು ಮೈಕ್ರಾನಿನ ಆಸುಪಾಸು ಇರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಬಳಸುತ್ತ ಹೋದಂತೆ ಈ ತುದಿ ದುಂಡಗಾಗುತ್ತದೆ, ಅದೇ ಕಾಯಿಗೆ ಹೆಚ್ಚು ಬಲ ಬೇಕಾಗುತ್ತದೆ. ಅಂಚು ಸಿಪ್ಪೆಯ ಮೇಲೆ ಜಾರಿದರೆ ಆ ಬಲವೆಲ್ಲ ಬೆರಳಿನ ಕಡೆ ಹೊರಳುತ್ತದೆ. ಬೆರಳಿನ ಚರ್ಮ ಕುಂಬಳದ ಸಿಪ್ಪೆಗಿಂತ ಮೆತ್ತಗೆ, ಅದಕ್ಕೆ ಮೊಂಡು ಚಾಕೂ ಸಾಕು.

ಉಳ್ಳಾಗಡ್ಡಿ ಹೆಚ್ಚುವಾಗಿನ ಕಣ್ಣೀರಿಗೂ ಇದಕ್ಕೂ ನಂಟಿದೆ. ಮೊಂಡು ಚಾಕು ಉಳ್ಳಾಗಡ್ಡಿಯನ್ನು ಕೊಯ್ಯುವ ಮೊದಲು ಅಮುಕುತ್ತದೆ. ಪದರ ಒಡೆದ ಕ್ಷಣಕ್ಕೆ ಒಳಗಿನ ರಸ ಸಣ್ಣ ಹನಿಗಳಾಗಿ ಚಿಮ್ಮುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಇದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು: ಚಾಕು ಮೊಂಡಾದಷ್ಟೂ ಹನಿಗಳು ಹೆಚ್ಚು, ಅವುಗಳ ವೇಗವೂ ಹೆಚ್ಚು.

ಮೆತ್ತನೆಯ ತರಕಾರಿ ಕೊಯ್ದರೆ ಉಕ್ಕು ಹೇಗೆ ಸವೆಯುತ್ತದೆ ಎಂಬ ಅನುಮಾನ ಸಹಜ. ಎಂಐಟಿಯ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತನಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲು ಕೂಡ ಶೇವಿಂಗ್ ಬ್ಲೇಡಿನ ಅಂಚಿನಿಂದ ಚಕ್ಕೆ ಕೀಳಬಲ್ಲದು. ಅಡುಗೆಮನೆಯಲ್ಲಿ ಇದರ ಜೊತೆಗೆ ಸ್ಟೀಲ್ ತಟ್ಟೆ, ಕಲ್ಲಿನ ಕಟ್ಟೆ, ಸಿಂಕಿನಲ್ಲಿ ಪಾತ್ರೆಗಳ ನಡುವಿನ ತಿಕ್ಕಾಟವೂ ಸೇರುತ್ತದೆ.

ಒಂದು ಎಚ್ಚರಿಕೆಯ ಮಾತು. ಮೊಂಡು ಚಾಕುವಿಗೆ ರೂಢಿಯಾದ ಕೈ ಅದೇ ಬಲವನ್ನು ಹರಿತ ಚಾಕುವಿಗೂ ಹಾಕುತ್ತದೆ. ಆದ್ದರಿಂದ ಮಸೆದ ದಿನ ಮನೆಮಂದಿಗೆಲ್ಲ ಹೇಳಿಬಿಡಿ.

ಪರ್ಸಿ ಕಲ್ಲಿಗೆ ತಿಕ್ಕಿದರೆ ಆಗದೇ?

ಆಲಮಟ್ಟಿ, ಮುದ್ದೇಬಿಹಾಳ, ತಾಳಿಕೋಟೆ ಕಡೆ ಬಹಳ ಮನೆಗಳಲ್ಲಿ ನೆಲಕ್ಕೆ, ಮೆಟ್ಟಿಲಿಗೆ, ಅಡುಗೆ ಕಟ್ಟೆಗೆ ಪರ್ಸಿ ಕಲ್ಲು. ಮೆಟ್ಟಿಲ ಅಂಚಿಗೆ ಚಾಕುವನ್ನು ನಾಲ್ಕು ಸಲ ಎಳೆದು ಕೆಲಸಕ್ಕೆ ಕೂರುವುದು ರೂಢಿ. ಶಹಾಬಾದ್ ಕಲ್ಲು ಎಂದು ಕರೆಯುವ ಈ ಜಾತಿಯ ಪರ್ಸಿ ಸುಣ್ಣಕಲ್ಲು. ಅದರ ಮುಖ್ಯ ಖನಿಜ ಕ್ಯಾಲ್ಸೈಟ್, ಗಡಸುತನದ ಮೋಸ್ ಅಳತೆಯಲ್ಲಿ 3. ಚಾಕುವಿನ ಉಕ್ಕು 5.5ರಿಂದ 6.5ರ ಆಸುಪಾಸು. ತನಗಿಂತ ಗಡಸಾದುದನ್ನು ಕಲ್ಲು ಸವೆಸಲಾರದು. ಹಾಗಾಗಿ ಉದುರುವ ಪುಡಿ ಬಹುಪಾಲು ಕಲ್ಲಿನದೇ. ಸೊಟ್ಟಗಾದ ಅಂಚು ಒಂದಿಷ್ಟು ನೆಟ್ಟಗಾಗುವುದರಿಂದ ಎರಡು ಉಳ್ಳಾಗಡ್ಡಿ ಮುಗಿಯುವವರೆಗೆ ಹರಿತವೆನಿಸುತ್ತದೆ, ಅಷ್ಟೇ.

ನಿಮ್ಮ ಮನೆಯ ಕಲ್ಲು ಯಾವುದೆಂದು ತಿಳಿಯಲು ಇಂಡಿ ಕಡೆಯ ಒಂದು ಲಿಂಬೆಹಣ್ಣು ಸಾಕು. ಕಾಣದ ಮೂಲೆಯೊಂದರಲ್ಲಿ ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ಲಿಂಬೆರಸ ಹನಿಸಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣಕಲ್ಲು. (ಕಟ್ಟೆಯ ಮೇಲೆ ಲಿಂಬೆ ಹೆಚ್ಚಿದ ಜಾಗ ಮಂಕಾಗುವುದಕ್ಕೂ ಇದೇ ಕಾರಣ.) ಬಾದಾಮಿಯ ಕೆಂಪು ಮರಳುಗಲ್ಲಿನ ಮಾತು ಬೇರೆ. ಅದರ ಕಣಗಳು ಬಹುತೇಕ ಕ್ವಾರ್ಟ್ಜ್, ಗಡಸುತನ 7, ಉಕ್ಕನ್ನು ಸವೆಸುತ್ತದೆ. ಕಲ್ಲಿಗೆ ತಿಕ್ಕಿ ಹರಿತ ಮಾಡುವ ವಿದ್ಯೆ ನಮ್ಮ ನೆಲಕ್ಕೆ ಹಳತು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ತಿಕ್ಕಿ ತಿಕ್ಕಿ ಬಂಡೆಯಲ್ಲಿ ಮೂಡಿಸಿದ ಗುಳಿಗಳು ಇಂದಿಗೂ ಇವೆ. ಇಂದಿನ ಸಾಣೆಕಲ್ಲುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಇರುತ್ತದೆ. ಎರಡರ ಗಡಸುತನವೂ 9 ಅಥವಾ ಅದಕ್ಕಿಂತ ತುಸು ಮೇಲೆ.

ಅಳತೆಪಟ್ಟಿ ಎಲ್ಲಿ ತಪ್ಪುತ್ತದೆ?

ಬರಿಗೈಯಲ್ಲಿ ಮಸೆಯುವಾಗಿನ ಕಷ್ಟವೆಂದರೆ ಪ್ರತಿ ಸಲವೂ ಅದೇ ಕೋನ ಉಳಿಸಿಕೊಳ್ಳುವುದು. ಕೈ ಅಲುಗಿದರೆ ಅಂಚು ದುಂಡಗಾಗುತ್ತದೆ. ಈ ಸಾಧನ ಮಾಡುವುದು ಆ ಒಂದೇ ಕೆಲಸ. ಚಾಕುವಿನ ಬೆನ್ನನ್ನು ಕ್ಲಾಂಪ್ ಹಿಡಿಯುತ್ತದೆ, ಅದರ ಹಿಂದೆ ಒಂದು ಕಂಬ, ಕಂಬದ ಮೇಲೆ ಕೀಲು, ಕೀಲಿನೊಳಗೆ ಹಾಯುವ ಸರಳು, ಸರಳಿನ ಕೆಳಗೆ ಕಲ್ಲು. ಕೀಲು ಮೇಲೇರಿದಂತೆ ಕೋನ ಹೆಚ್ಚುತ್ತದೆ.

ಕೋನವನ್ನು ತೀರ್ಮಾನಿಸುವುದು ಎರಡು ಅಳತೆಗಳು. ಒಂದು, ಚಾಕುವಿನ ಮಟ್ಟದಿಂದ ಕೀಲು ಎಷ್ಟು ಎತ್ತರದಲ್ಲಿದೆ. ಇನ್ನೊಂದು, ಕೀಲಿನ ನೇರ ಕೆಳಗಿನ ಬಿಂದುವಿನಿಂದ ಚಾಕುವಿನ ಅಂಚಿಗೆ ಎಷ್ಟು ದೂರ. ಎತ್ತರವನ್ನು ದೂರದಿಂದ ಭಾಗಿಸಿದಾಗ 0.27 ಬಂದರೆ 15 ಡಿಗ್ರಿ, 0.36 ಬಂದರೆ 20, 0.47 ಬಂದರೆ 25. ದೂರ 20 ಸೆಂ.ಮೀ. ಇದ್ದರೆ ಈ ಮೂರಕ್ಕೂ ಬೇಕಾದ ಎತ್ತರ ಕ್ರಮವಾಗಿ ಸುಮಾರು 5.4, 7.3 ಮತ್ತು 9.3 ಸೆಂ.ಮೀ.

ಕಂಬದ ಮೇಲೆ ಅಚ್ಚು ಹಾಕಿದ ಡಿಗ್ರಿಗಳಿಗೆ ಎತ್ತರ ಮಾತ್ರ ಗೊತ್ತು, ನಿಮ್ಮ ಚಾಕುವಿನ ಅಗಲ ಗೊತ್ತಿಲ್ಲ. 7.3 ಸೆಂ.ಮೀ. ಎತ್ತರವೇ ಇರಲಿ, ಅಗಲವಾದ ತರಕಾರಿ ಚಾಕು ಸಿಕ್ಕಿಸಿ ಅಂಚು 23 ಸೆಂ.ಮೀ. ದೂರಕ್ಕೆ ಹೋದರೆ ಕೋನ 17.6 ಡಿಗ್ರಿ. ಹಣ್ಣು ಕೊಯ್ಯುವ ಸಣ್ಣ ಚಾಕು ಹಾಕಿ ದೂರ 18 ಆದರೆ 22 ಡಿಗ್ರಿ. ಪಟ್ಟಿ ಎರಡಕ್ಕೂ 20 ಎಂದೇ ಹೇಳುತ್ತಿರುತ್ತದೆ.

ಆಲಮಟ್ಟಿಯ ಚಾಕುವಿಗೆ ಆಗಿದ್ದು ಇದೇ. ಅಂಚಿಗೆ ಮಾರ್ಕರ್ ಬಣ್ಣ ಬಳಿದು ಕಲ್ಲನ್ನು ಎರಡು ಸಲ ಎಳೆದೆವು. ಅಂಚಿನ ಹಿಂದಿನ ಭಾಗದ ಬಣ್ಣ ಅಳಿಸಿತ್ತು, ತುದಿಯದು ಹಾಗೇ ಇತ್ತು. ಚಾಕುವಿನ ಹಳೆಯ ಕೋನಕ್ಕಿಂತ ಕಡಿಮೆ ಕೋನದಲ್ಲಿ ತಿಕ್ಕುತ್ತಿದ್ದುದರಿಂದ, ದಿನಾ ಸಂಜೆ ಕಲ್ಲು ಸವೆಸುತ್ತಿದ್ದದ್ದು ಚಾಕುವಿನ ಹೆಗಲನ್ನು. ಬಾಯಿಗೆ ಅದು ಮುಟ್ಟಿಯೇ ಇರಲಿಲ್ಲ.

ಕಲ್ಲಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಕಲ್ಲು 3 ಮಿ.ಮೀ. ದಪ್ಪವಾದರೆ ಕೋನ ಸುಮಾರು 0.8 ಡಿಗ್ರಿ ಇಳಿಯುತ್ತದೆ. ಒರಟು ಕಲ್ಲು ತೆಳ್ಳಗಿದ್ದು ನಂತರ ಹಾಕಿದ ನುಣುಪು ಕಲ್ಲು ದಪ್ಪಗಿದ್ದರೆ, ಆ ಎರಡನೆಯ ಕಲ್ಲು ಅಂಚಿನ ತುದಿಗೆ ತಾಗುವುದೇ ಇಲ್ಲ. ಎಷ್ಟು ಹೊತ್ತು ತಿಕ್ಕಿದರೂ ಫಲವಿಲ್ಲ.

ಕ್ಲಾಂಪಿನಿಂದ ದೂರ ಹೋದಂತೆ ಕೋನ ಬದಲಾಗುತ್ತದೆ ಎಂದು ಹಲವರು ಹೇಳುವುದುಂಟು. ಇದು ಅರ್ಧ ಸತ್ಯ. ಅಂಚು ನೇರವಾಗಿದ್ದು, ಕಲ್ಲು ಅಂಚಿನ ಮೇಲೆ ಸಪಾಟಾಗಿ ಕೂರುವಂತಿದ್ದರೆ ಕೋನ ಎಲ್ಲ ಕಡೆಯೂ ಒಂದೇ. ಬದಲಾಗುವುದು ಮೂತಿಯ ಬಾಗಿನಲ್ಲಿ. ಲೆಕ್ಕ ಹಾಕಿ ನೋಡಿದರೆ, ಮೂತಿ ಕ್ಲಾಂಪಿನಿಂದ 15 ಸೆಂ.ಮೀ. ಆಚೆಗಿದ್ದು ಅಲ್ಲಿ ಅಂಚು 30 ಡಿಗ್ರಿ ಓರೆಯಾಗಿದ್ದರೆ, ನಡುವೆ 20 ಇದ್ದ ಕೋನ ಮೂತಿಯಲ್ಲಿ 17ಕ್ಕೆ ಬರುತ್ತದೆ. ಕ್ಲಾಂಪನ್ನು ಮೂತಿಯ ಕಡೆ ಸರಿಸಿ ಆ ದೂರವನ್ನು 8 ಸೆಂ.ಮೀ. ಮಾಡಿದರೆ 19.6. ಕಾಸು ಖರ್ಚಿಲ್ಲದ ರಿಪೇರಿ.

ಮನೆಯಲ್ಲೇ ಮಾಡಿಕೊಳ್ಳುವ ಬದಲಾವಣೆಗಳು

ಅಗ್ಗದ ಸಾಧನ ಕೊಂಡವರಿಗೆ ಮೊದಲು ಸಿಗುವ ಸಲಹೆ ಕೀಲು ಬದಲಿಸಿ, ಗುಂಡು ಬೇರಿಂಗ್ ಹಾಕಿಸಿ ಎನ್ನುವುದು. ನಮಗೆ ಇದು ಕೊನೆಗೆ ನೋಡಬೇಕಾದ ಕೆಲಸ ಅನ್ನಿಸುತ್ತದೆ. ಕೀಲಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವಿದ್ದರೆ ಕೋನದಲ್ಲಿ ಬರುವ ವ್ಯತ್ಯಾಸ 0.13 ಡಿಗ್ರಿ ಮಾತ್ರ. ಕ್ಲಾಂಪಿನಲ್ಲಿ ಚಾಕು 2 ಡಿಗ್ರಿ ವಾಲಿ ಕೂತರೆ ಒಂದು ಬದಿಗೆ 18, ಇನ್ನೊಂದು ಬದಿಗೆ 22 ಆಗುತ್ತದೆ. ಮೊದಲು ಸರಿಯಾಗಬೇಕಾದ್ದು ಕ್ಲಾಂಪು. ಹಳೆಯ ಸೈಕಲ್ ಟ್ಯೂಬಿನ ತೆಳು ತುಂಡನ್ನು ಎರಡೂ ದವಡೆಗೆ ಅಂಟಿಸಿದರೆ ಚಾಕು ಜಾರುವುದಿಲ್ಲ, ಗೀರೂ ಬೀಳುವುದಿಲ್ಲ. ಎರಡೂ ಕಡೆ ಒಂದೇ ದಪ್ಪದ ರಬ್ಬರ್ ಇರಬೇಕು, ಇಲ್ಲದಿದ್ದರೆ ವಾಲುವುದು ಇನ್ನೂ ಹೆಚ್ಚುತ್ತದೆ.

ಆಮೇಲೆ ಕೋನ ಅಳೆಯುವುದು. ಮೊಬೈಲಿನ ಕೋನ ಅಳೆಯುವ ಆ್ಯಪನ್ನು ಚಾಕುವಿನ ಚಪ್ಪಟೆ ಮೈಮೇಲೆ ಇಟ್ಟು ಸೊನ್ನೆ ಮಾಡಿ. ಕಲ್ಲನ್ನು ಅಂಚಿನ ಮೇಲೆ ಕೂರಿಸಿ, ಸರಳು ಅಂಚಿಗೆ ಲಂಬವಾಗಿರುವಾಗ ಕಲ್ಲಿನ ಬೆನ್ನ ಮೇಲೆ ಮೊಬೈಲಿಟ್ಟು ಓದಿ. ಕಂಬದ ಪಟ್ಟಿಯನ್ನು ಮರೆತುಬಿಡಿ. ಮನೆಯ ಪ್ರತಿ ಚಾಕುವಿಗೂ ಕ್ಲಾಂಪಿನ ಜಾಗ, ಕೀಲಿನ ಎತ್ತರ ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸಲ ಅದೇ ಕೋನ ಸಿಗುತ್ತದೆ. ಕಲ್ಲು ಬದಲಿಸಿದಾಗ ದಪ್ಪ ಎಷ್ಟು ಹೆಚ್ಚಿತೋ ಕೀಲನ್ನು ಹೆಚ್ಚುಕಡಿಮೆ ಅಷ್ಟೇ ಏರಿಸಿ, ಕಡಿಮೆಯಾದರೆ ಇಳಿಸಿ.

ಸಾಧನದ ಜೊತೆ ಬರುವ ಅಗ್ಗದ ಕಲ್ಲುಗಳು ಬೇಗ ನಡುವೆ ತಗ್ಗು ಬೀಳುತ್ತವೆ. ಅವುಗಳ ಬದಲು ಕಲ್ಲಿನ ಅಳತೆಗೇ ಕತ್ತರಿಸಿದ ಗಾಜಿನ ಪಟ್ಟಿಗೆ ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ ಅಂಟಿಸಬಹುದು. ಗಾಜಿನ ಅಂಚುಗಳನ್ನು ಅಂಗಡಿಯಲ್ಲೇ ಉಜ್ಜಿಸಿಕೊಳ್ಳಿ. ಪಿ400 ಕಾಗದದ ಕಣ ಸುಮಾರು 35 ಮೈಕ್ರಾನ್, ಪಿ1000ದು 18, ಪಿ2000ದು 10. ಕಾಗದವನ್ನು ಚಾಕುವಿನ ಬೆನ್ನಿನಿಂದ ಅಂಚಿನ ಕಡೆಗೆ, ಅಂಚು ದಾಟಿ ಹೊರಗೆ ಎಳೆಯಬೇಕು. ಉಲ್ಟಾ ತಳ್ಳಿದರೆ ಚಾಕು ಕಾಗದವನ್ನೇ ಹರಿಯುತ್ತದೆ.

ಮಸೆಯುವಾಗ ಯಾವಾಗ ನಿಲ್ಲಿಸಬೇಕು?

ಗಡಿಯಾರ ನೋಡಿ ಅಲ್ಲ, ಎಣಿಸಿಯೂ ಅಲ್ಲ. ಒಂದು ಬದಿಯನ್ನು ತಿಕ್ಕುತ್ತ ಹೋದಾಗ ತುದಿಯ ಲೋಹ ತೆಳುವಾದ ಎಳೆಯಾಗಿ ಆಚೆ ಬದಿಗೆ ಮಡಚಿಕೊಳ್ಳುತ್ತದೆ. ಇದನ್ನು ಬರ್ ಎನ್ನುತ್ತಾರೆ. ಆಚೆ ಬದಿಯಲ್ಲಿ ಬೆನ್ನಿನಿಂದ ಅಂಚಿನ ಹೊರಗೆ ಬೆರಳನ್ನು ಹಗುರಾಗಿ ಎಳೆದರೆ ತರಿ ತರಿಯಾಗಿ ಸಿಗುತ್ತದೆ. ಅಂಚಿನ ಉದ್ದಕ್ಕೆ ಬೆರಳು ಎಳೆಯಲೇಬೇಡಿ. ಹಿಡಿಯಿಂದ ಮೂತಿಯವರೆಗೂ ಎಳೆ ಮೂಡಿದ ಮೇಲೆ ಬದಿ ಬದಲಿಸಿ. ಅದು ಮೂಡುವ ಮೊದಲೇ ನುಣುಪು ಕಲ್ಲಿಗೆ ಹೋದರೆ ಹೊಳಪು ಬರುತ್ತದೆ, ಹರಿತ ಬರುವುದಿಲ್ಲ. ಕೊನೆಗೆ ಬಲ ಬಿಟ್ಟು, ಕಲ್ಲಿನ ತೂಕದಲ್ಲೇ ಒಂದೊಂದು ಬದಿಗೆ ಒಂದೊಂದು ಸಲ ಎಳೆಯುತ್ತ ಎಳೆಯನ್ನು ಕಳಚಬೇಕು. ಉಳಿದಿದ್ದನ್ನು ಹಳೆಯ ಚರ್ಮದ ಬೆಲ್ಟಿನ ಒಳಮೈ ತೆಗೆಯುತ್ತದೆ.

ತರಕಾರಿ ಚಾಕುವಿಗೆ ಪ್ರತಿ ಬದಿಗೆ 15ರಿಂದ 20 ಡಿಗ್ರಿ ಸಾಕು. ನಮ್ಮ ಪೇಟೆಗಳಲ್ಲಿ ಸಿಗುವ ಅಗ್ಗದ ಸ್ಟೇನ್‌ಲೆಸ್ ಸ್ಟೀಲ್ ಮೆತ್ತಗಿರುವುದರಿಂದ 15ಕ್ಕೆ ಇಳಿಸಿದರೆ ಅಂಚು ಬೇಗ ಮಡಚಿಕೊಳ್ಳುತ್ತದೆ, 20ರಲ್ಲೇ ಇರಲಿ. ಮೂಳೆ ಕಡಿಯುವ ಕತ್ತಿಗೆ 25. ಆಲಮಟ್ಟಿಯ ಚಾಕು 20ಕ್ಕೆ ಸರಿಯಾಗಿ ಕೂತ ಮೇಲೆ ಅರ್ಧ ಗಂಟೆಯಲ್ಲಿ ಎಳೆ ಮೂಡಿತು. ಅವ್ವ ಟೊಮೆಟೊ ಬಿಟ್ಟು ನೇರ ಕುಂಬಳಕಾಯಿಗೇ ಕೈ ಹಾಕಿದರು, ಈ ಸಲ ಬೆರಳು ಮಡಚಿಟ್ಟುಕೊಂಡು.

ಮಸೆದ ಮೇಲೆ ಚಾಕುವನ್ನು ಸೋಪು ಹಾಕಿ ತೊಳೆಯಿರಿ, ಉಕ್ಕಿನ ಪುಡಿ ಅಡುಗೆಗೆ ಬೀಳಬಾರದು. ತುಕ್ಕು ಹಿಡಿಯುವ ಜಾತಿಯ ಉಕ್ಕಾದರೆ ಲಿಂಬೆ ಹೆಚ್ಚಿದ ಕೂಡಲೇ ತೊಳೆದು ಒರೆಸಿ. ಕೈ ಕೊಯ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ರಕ್ತ ನಿಲ್ಲದಿದ್ದರೆ, ಗಾಯ ಆಳವಾಗಿದ್ದರೆ ಅಥವಾ ಬೆರಳು ಜೋಮು ಹಿಡಿದರೆ ಆಸ್ಪತ್ರೆಗೆ ಹೋಗಿ, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಿ.

ಈಳಿಗೆ, ಕುಡಗೋಲು?

ಇವು ಈ ಸಾಧನಕ್ಕೆ ಒಗ್ಗುವುದಿಲ್ಲ. ಈಳಿಗೆ ಮಣೆಗೆ ಜಡಿದಿರುತ್ತದೆ, ಕ್ಲಾಂಪಿಗೆ ಸಿಗುವುದಿಲ್ಲ. ಅದನ್ನು ಅಲುಗದಂತೆ ಇಟ್ಟು ಕಲ್ಲನ್ನೇ ಅಂಚಿನ ಮೇಲೆ ಆಡಿಸಬೇಕು. ಕುಡಗೋಲಿನ ಬಾಯಿ ಒಳಬಾಗು, ಅಲ್ಲಿ ಚಪ್ಪಟೆ ಕಲ್ಲಿನ ಮೂಲೆಗಳಷ್ಟೇ ತಾಗುತ್ತವೆ. ದುಂಡನೆಯ ಅಥವಾ ದೋಣಿಯಾಕಾರದ ಸಾಣೆಕಲ್ಲು ಬೇಕು.

ಸಾಣೆ ಹಿಡಿಯುವವರಿಗೆ ಕೊಡುವುದಾದರೆ ಕಿಡಿ ನೋಡಿ ಮರುಳಾಗಬೇಡಿ. ಕಿಡಿ ಎಂದರೆ ಕಿತ್ತು ಬಂದ ಉಕ್ಕಿನ ಕಣ ಗಾಳಿಯಲ್ಲಿ ಉರಿಯುವುದು, ಹರಿತದ ಗುರುತಲ್ಲ. ಚಕ್ರಕ್ಕೆ ಒತ್ತಿ ಹಿಡಿದಾಗ ಅಂಚು ಬಿಸಿಯೇರುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಉಕ್ಕಿನ ಮೇಲೆ ಹುಲ್ಲಿನ ಹಳದಿ, 300ರ ಹೊತ್ತಿಗೆ ನೀಲಿ ಬಣ್ಣ ಮೂಡುತ್ತದೆ. ಅಂಚು ನೀಲಿಯಾಗಿದ್ದರೆ ಅಲ್ಲಿ ಹದ ಕೆಟ್ಟು ಉಕ್ಕು ಮೆತ್ತಗಾಗಿದೆ ಎಂದರ್ಥ. ಆ ನೀಲಿ ಭಾಗವನ್ನು ಪೂರ್ತಿ ಸವೆಸಿ ತೆಗೆಯುವವರೆಗೆ ಎಷ್ಟು ಮಸೆದರೂ ಹರಿತ ನಿಲ್ಲದು. ಪಕ್ಕದಲ್ಲಿ ನೀರಿನ ಡಬ್ಬ ಇಟ್ಟುಕೊಂಡು ಮತ್ತೆ ಮತ್ತೆ ಅದ್ದುವವರ ಕೈಗೆ ನಿಮ್ಮ ಈಳಿಗೆ ಕೊಡಿ.